ಹಾಜರಿ ವಹಿ ಯಾರದು?

ನಮ್ಮ ವಾಚನಾಲಯದ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಲ್ಲಿ ನಾಲ್ಕು ಹಳೆಯ ವಹಿಗಳಿವೆ. ಹಿಂದಿನ ಕಾರ್ಯದರ್ಶಿಗಳು, ಅವರೂ ನನ್ನ ಹಾಗೆ ಮಾಸ್ತರರೇ, ಊರಿನ ಮುದುಕರನ್ನು ಕೂಡ್ರಿಸಿಕೊಂಡು ಕೇಳಿ ಕೇಳಿ ಬರೆದಿಟ್ಟದ್ದು. ಎರಡು ವಹಿಗಳಲ್ಲಿ ಬರಗಾಲ, ಪ್ಲೇಗು, ಜಾತ್ರೆಯ ಸುದ್ದಿ. ಮೂರನೆಯದರಲ್ಲಿ ಕಬ್ಬು, ಗಾಣ, ಬೆಲ್ಲದ ಪೇಟೆಯ ಸುದ್ದಿ. ನಾಲ್ಕನೆಯದರ ಮೇಲೆ ಒಂದೇ ಶಬ್ದ ಇದೆ: ಹಾಜರಿ.

ಎರಡು ವರ್ಷದ ಹಿಂದೆ ನಮ್ಮ ಹುಡುಗರು ಒಂದು ಒಳ್ಳೆಯ ವಿಚಾರ ತಂದರು. ಈ ವಹಿಗಳ ಪುಟ ಪುಟ ಮೊಬೈಲಿನಲ್ಲಿ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕೋಣ, ಎಲ್ಲರೂ ಓದಲಿ ಅಂತ. ನಾನೂ ಹೂಂ ಅಂದೆ. ಕಾಗದ ಹುಳ ಹಿಡಿದು ಹೋಗುವುದಕ್ಕಿಂತ ಫೋಟೋ ಆದರೂ ಉಳಿಯಲಿ ಅನಿಸಿತು. ಎರಡು ದಿನ ಕಳೆಯಿತು. ಸಂಜೆ ವಾಚನಾಲಯದ ಕದ ಹಾಕುವ ಹೊತ್ತಿಗೆ ಊರಿನ ಒಬ್ಬ ಆಯಿ ಕೋಲು ಊರಿಕೊಂಡು ಬಂದಳು.

"ಮಾಸ್ತರ, ಹಾಜರಿ ವಹಿ ಮೊಬೈಲದಾಗ ಹಾಕಾಕ್ಹತ್ತೀರಂತಲ್ಲ, ಖರೇ ಏನ್ರಿ?"

"ಹೌದು ಆಯಿ. ಊರಿನ ಇತಿಹಾಸ ಐತಿ, ಹುಡುಗೂರು ಓದ್ಲಿ ಅಂತ."

"ಅದರಾಗ ನಮ್ಮ ಮಾವನ ಹೆಸರ ಐತಿ. ಅಂವಾ ಕಳವು ಮಾಡಿದಾವ ಅಲ್ರಿ. ಆದ್ರ ಓದಿದಾವ್ರು ಹಂಗ ಓದ್ತಾರೇನ್ರಿ? ಮೊಮ್ಮಗಳಿಗೆ ಈಗ ವರ ನೋಡಾಕ್ಹತ್ತೀವಿ."

"ಹಂಗಾರ ಆ ಹಾಳಿ ಹರದು ಒಗಿಯೋಣೇನು?"

"ಹರೀಬ್ಯಾಡ್ರಿ. ಹರದ್ರ ನಮ್ಮ ಮಾವ ಪಟ್ಟ ತ್ರಾಸ ಮುಂದಿನವ್ರಿಗೆ ಹೆಂಗ ತಿಳೀಬೇಕು? ಹರೀಬ್ಯಾಡ್ರಿ. ಆದ್ರ ನಮ್ಮನ್ನ ಕೇಳ್ದ ತೋರಿಸಬ್ಯಾಡ್ರಿ."

ಆಯಿ ಅಷ್ಟು ಹೇಳಿ ಹೋದಳು. ಅವಳ ಸಮಾಜ ಯಾವುದು, ಓಣಿ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಈ ಲೇಖನ ಬರೆಯುವ ಮೊದಲು ಅವಳ ಒಪ್ಪಿಗೆ ಕೇಳಿದ್ದೇನೆ. ಅವಳು ಹಾಕಿದ ಕರಾರು ಅದೊಂದೇ. ಹರಿಯಲೂ ಬಾರದು, ಕೇಳದೆ ತೋರಿಸಲೂ ಬಾರದು ಅಂದರೆ ಆ ವಹಿ ಯಾರದು? ಬರೆದ ಮಾಸ್ತರರದೋ, ಇಟ್ಟುಕೊಂಡ ವಾಚನಾಲಯದ್ದೋ, ಹೆಸರು ಬರೆಸಿಕೊಂಡವರದೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನು ಓದಿದ್ದು, ತಿಳಿದದ್ದು ಇಲ್ಲಿ ಬರೆದಿದ್ದೇನೆ.

ಹಾಜರಿ ಅಂದರೆ ಏನು

ಈಗಿನ ಮಕ್ಕಳಿಗೆ ಹಾಜರಿ ಅಂದರೆ ಶಾಲೆಯ ಹಾಜರಿ. ನಮ್ಮ ಅಜ್ಜಂದಿರ ಕಾಲದಲ್ಲಿ ಕೆಲವು ಜಾತಿಯವರಿಗೆ ಅದು ಬೇರೆಯೇ ಆಗಿತ್ತು. ಮಹಾರ, ಮಾಂಗ, ರಾಮೋಶಿ, ಬೇರಡ ಜನ ದಿನಾ ಚಾವಡಿಗೆ ಹೋಗಿ ಪಾಟೀಲರ ಮುಂದೆ ನಿಂತು, ತಾವು ಊರಲ್ಲೇ ಇದ್ದೇವೆ ಅಂತ ಹೇಳಿ ಬರಬೇಕಿತ್ತು. ಬೀಗರ ಊರಿಗೆ ಹೋಗಬೇಕಾದರೂ ತಿಳಿಸಬೇಕು. ಊರಲ್ಲಿ ಎಲ್ಲಿಯಾದರೂ ಕಳವಾದರೆ ಮೊದಲು ಇವರ ಗುಡಿಸಲಿನ ಕದ ಬಡಿಯುತ್ತಿದ್ದರು. ಅಪರಾಧ ಮಾಡಿದವನಿಗೆ ಮಾತ್ರ ಈ ಹಾಜರಿ ಇರಲಿಲ್ಲ. ಆ ಜಾತಿಯಲ್ಲಿ ಹುಟ್ಟಿದರೆ ಸಾಕು, ಹಾಜರಿ ಬೀಳುತ್ತಿತ್ತು.

ಬ್ರಿಟಿಷರ ಸೀಮೆಯಲ್ಲಿ ಇದಕ್ಕೆ ಕಾಯಿದೆಯ ಬಲವೇ ಇತ್ತು. 1871ರಲ್ಲಿ ಅವರು 'ಅಪರಾಧಿ ಬುಡಕಟ್ಟುಗಳ ಕಾಯಿದೆ' ತಂದರು. ಮೊದಲು ಉತ್ತರ ಹಿಂದುಸ್ಥಾನದಲ್ಲಿ ಜಾರಿಯಾದ ಇದು, 1911ರ ಕಾಯಿದೆಯಿಂದ ಮುಂಬೈ ಇಲಾಖೆಗೂ ಬಂದಿತು. ಸರ್ಕಾರ ಒಂದು ಜನಾಂಗವನ್ನೇ 'ಅಪರಾಧಿ' ಎಂದು ಸಾರಬಹುದಿತ್ತು. ಸಾರಿದ ಮೇಲೆ ಜಿಲ್ಲೆಯ ಅಧಿಕಾರಿ ಅವರ ಹೆಸರಿನ ರಜಿಸ್ಟರು ಮಾಡಿಸುತ್ತಿದ್ದ. ರಜಿಸ್ಟರಿನಲ್ಲಿ ಇದ್ದವರ ಬೆರಳಚ್ಚನ್ನು ಬೇಕಾದಾಗ ತೆಗೆದುಕೊಳ್ಳುವ ಅಧಿಕಾರವೂ ಇತ್ತು. ಬೆರಳಚ್ಚು ಜೋಡಿಸಿ ಮನುಷ್ಯನನ್ನು ಗುರುತಿಸುವ ಕಚೇರಿ ನಮ್ಮ ದೇಶದಲ್ಲಿ 1897ರಲ್ಲೇ ಕಲಕತ್ತೆಯಲ್ಲಿ ಆರಂಭವಾಗಿತ್ತು. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಇಂಥ ಜನರನ್ನು ತಂದು ಇಡುವ ವಸಾಹತುಗಳಾದವು. ಹುಬ್ಬಳ್ಳಿಗೆ ಹೋದವರು ಇಂದಿಗೂ 'ಸೆಟ್ಲಮೆಂಟ್' ಎಂಬ ಹೆಸರು ಕೇಳಿರಬಹುದು. ಅದು ಆ ಕಾಲದ್ದೇ.

ಹೆಸರು ಬರೆಸಿಕೊಳ್ಳುವುದೆಂದರೆ ಕೈ ಕಟ್ಟಿಸಿಕೊಂಡ ಹಾಗೆ ಎಂಬುದು ನಮ್ಮ ಜನಕ್ಕೆ ಅದಕ್ಕೂ ಮೊದಲೇ ಗೊತ್ತಿತ್ತು. 1857ರಲ್ಲಿ ಆಯುಧಗಳನ್ನು ಬರೆಸಿ ಒಪ್ಪಿಸಬೇಕು ಎಂಬ ಹುಕುಂ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಸರ್ಕಾರದ ದಂಡು ಬಂದು ಊರನ್ನು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಆ ಕಥೆ ಸರ್ಕಾರದ ಕಾಗದದಲ್ಲಿ ಒಂದು ರೀತಿ ಇದೆ, ನಮ್ಮ ಲಾವಣಿಕಾರರ ಬಾಯಲ್ಲಿ ಇನ್ನೊಂದು ರೀತಿ ಇದೆ. ಸರ್ಕಾರಿ ಕಾಗದದಲ್ಲಿ ಅವರು ದಂಗೆಕೋರರು. ಲಾವಣಿಯಲ್ಲಿ ಅವರು ನಮ್ಮ ಮಂದಿ. ಅದೇ ಜನ, ಬರೆದ ಕೈ ಬೇರೆ, ಹಾಡಿದ ಬಾಯಿ ಬೇರೆ.

1918ರಲ್ಲಿ ಕೊಲ್ಲಾಪುರದಲ್ಲಿ ಆದದ್ದು

ಗಡಹಿಂಗ್ಲಜ ಆಗ ಕೊಲ್ಲಾಪುರದ ಕರವೀರ ಸಂಸ್ಥಾನಕ್ಕೆ ಸೇರಿತ್ತು. 1894ರಿಂದ 1922ರವರೆಗೆ ಆಳಿದ ಛತ್ರಪತಿ ಶಾಹೂ ಮಹಾರಾಜರ ಬಗ್ಗೆ ನಮಗೆ ಶಾಲೆಯಲ್ಲಿ ಕಲಿಸುವುದು ಎರಡು ಮಾತು: 1902ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇಕಡಾ 50 ಜಾಗ ಹಿಂದುಳಿದವರಿಗೆ ಇಟ್ಟರು, 1917ರಲ್ಲಿ ಪ್ರಾಥಮಿಕ ಶಿಕ್ಷಣ ಪುಕ್ಕಟೆ ಮತ್ತು ಕಡ್ಡಾಯ ಮಾಡಿದರು. ಎರಡೂ ದೊಡ್ಡ ಕೆಲಸ. ಆದರೆ 1918ರಲ್ಲಿ ಅವರು ಮಾಡಿದ ಇನ್ನೆರಡು ಕೆಲಸಗಳನ್ನು ನಾವು ಒಟ್ಟಿಗೆ ಇಟ್ಟು ನೋಡುವುದಿಲ್ಲ.

ಒಂದು: ಮಹಾರ, ಮಾಂಗ, ರಾಮೋಶಿ, ಬೇರಡ ಜಾತಿಗಳ ಮೇಲಿದ್ದ ಹಾಜರಿಯನ್ನು ತಮ್ಮ ಸಂಸ್ಥಾನದಲ್ಲಿ ನಿಲ್ಲಿಸಿದರು. ಬ್ರಿಟಿಷರ ಸೀಮೆಯಲ್ಲಿ ಕಾಯಿದೆ ಇನ್ನೂ ಬಿಗಿಯಾಗುತ್ತಿದ್ದ ಕಾಲ ಅದು. 1924ರಲ್ಲಿ ಅವರು ಅದನ್ನು ಮತ್ತೊಮ್ಮೆ ಜೋಡಿಸಿ ಹೊಸದಾಗಿ ತಂದರು. ಇಡೀ ದೇಶದಲ್ಲಿ ಆ ಕಾಯಿದೆ ಹೋದದ್ದು 1952ರ ಆಗಸ್ಟ್ 31ಕ್ಕೆ. ಅಂದರೆ ನಮ್ಮ ಸಂಸ್ಥಾನದಲ್ಲಿ ಹಾಜರಿ ಹೋಗಿ 34 ವರ್ಷ ಕಳೆದ ಮೇಲೆ.

ಎರಡು: ಅದೇ ವರ್ಷ ಕುಲಕರ್ಣಿ ವತನ ತೆಗೆದು ಪಗಾರದ ತಲಾಠಿಗಳನ್ನು ನೇಮಿಸಿದರು. ಹೊಲದ ಸರಹದ್ದು, ತೀರುವೆ, ಸಾಲ, ಯಾರ ಭೂಮಿ ಯಾರಿಗೆ ಹೋಯಿತು ಎಂಬ ಎಲ್ಲ ಲೆಕ್ಕವೂ ಕುಲಕರ್ಣಿಯ ದಫ್ತರದಲ್ಲಿ ಇರುತ್ತಿತ್ತು. ದಫ್ತರ ವಂಶಪಾರಂಪರ್ಯವಾಗಿ ಒಂದೇ ಮನೆಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಹೆಬ್ಬೆಟ್ಟು ಒತ್ತಿದ ರೈತನಿಗೆ ತಾನು ಯಾವುದರ ಮೇಲೆ ಒತ್ತಿದೆ ಎಂದು ಗೊತ್ತಿರುತ್ತಿರಲಿಲ್ಲ. ಎಲ್ಲ ಕುಲಕರ್ಣಿಗಳೂ ಕೆಟ್ಟವರಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಲೆಕ್ಕ ಬರೆಯುವವ ಕೇಳುವವರಿಲ್ಲದ ಜಾಗದಲ್ಲಿ ಕೂತರೆ ಒಳ್ಳೆಯವನೂ ದಾರಿ ತಪ್ಪಬಹುದು.

ಈ ಎರಡು ಹುಕುಂಗಳ ಒಳಗೆ ಒಂದೇ ವಿಚಾರ ಇದೆ ಎಂದು ನನಗೆ ಅನಿಸುತ್ತದೆ. ಮೊದಲನೆಯದು, ಮನುಷ್ಯನ ಹೆಸರನ್ನು ಅವನಿಗೆ ಕೇಡಾಗುವ ಹಾಗೆ ಬರೆಯಬಾರದು. ಎರಡನೆಯದು, ಬರೆಯುವವನು ಊರಿಗೆ ಜವಾಬು ಕೊಡುವವನಾಗಿರಬೇಕು. ಇವತ್ತು ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ 'ಡೇಟಾ' ಅಂತ ಮಾತಾಡುತ್ತಾರಲ್ಲ, ಅದರ ಕಾಳಜಿಯೂ ಇಷ್ಟೇ. ಡೇಟಾ ಅಂದರೆ ಮನುಷ್ಯರ ಬಗ್ಗೆ ಬರೆದಿಟ್ಟ ಸಂಗತಿ. ವಹಿ ಹೋಗಿ ಕಂಪ್ಯೂಟರ್ ಬಂದಿದೆ, ಬರೆಯುವ ಕೈ ಕಣ್ಣಿಗೆ ಕಾಣದಾಗಿದೆ.

ಹೊಳೆಯ ಆಚೆ ಒಂದು ಖಾನೆ, ಈಚೆ ಒಂದು ಖಾನೆ

1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ಸೇರಿತು. 1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಗಡಹಿಂಗ್ಲಜ ಈ ಕಡೆ ಉಳಿಯಿತು. ಹಿರಣ್ಯಕೇಶಿ ಹೊಳೆ ಮೊದಲಿನ ಹಾಗೇ ಎರಡೂ ಕಡೆ ಹರಿಯಿತು. ಬೀಗತನವೂ ನಿಲ್ಲಲಿಲ್ಲ.

ಆದರೆ ಖಾನೆಗಳು ಬೇರೆಯಾದವು. ಮಹಾರಾಷ್ಟ್ರದಲ್ಲಿ ಬೇರಡರು ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾರೆ. ಕರ್ನಾಟಕದಲ್ಲಿ ಬೇಡ, ಬೇಡರ, ನಾಯಕ, ವಾಲ್ಮೀಕಿ ಎಂಬ ಹೆಸರಿನವರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಸಂಕೇಶ್ವರದ ಕಡೆ ಇರುವ ಅಣ್ಣನಿಗೆ ಒಂದು ಖಾನೆ, ಗಡಹಿಂಗ್ಲಜದ ಕಡೆ ಇರುವ ತಮ್ಮನಿಗೆ ಇನ್ನೊಂದು. ಇಬ್ಬರ ದೇವರು ಒಂದೇ, ಆಡುವ ಕನ್ನಡ ಒಂದೇ. ಖಾನೆ ಯಾವುದಿರಬೇಕು ಎಂದು ಅವರಿಬ್ಬರನ್ನು ಕೂಡ್ರಿಸಿ ಯಾರೂ ಕೇಳಲಿಲ್ಲ.

ಮುಂದಿನ ಮಾತು ಇನ್ನೂ ವಿಚಿತ್ರ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯ ದಾಖಲೆ ಬೇಕಾದರೆ 1961ರ ನವೆಂಬರ್ 21ಕ್ಕಿಂತ ಮೊದಲಿನ ಪುರಾವೆ ಕೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜನ ಪುರಾವೆ ಎಲ್ಲಿಂದ ತರಬೇಕು? ಅಜ್ಜನ ಹೆಸರು ಎಲ್ಲಿಯಾದರೂ ಬರೆದಿದ್ದರೆ ಅದು ಬಹುಶಃ ಇಂಥದೇ ಒಂದು ಹಾಜರಿ ಕಾಗದದಲ್ಲಿ. ಯಾವ ಕಾಗದ ಅಜ್ಜನನ್ನು ಚಾವಡಿಯಲ್ಲಿ ನಿಲ್ಲಿಸಿತೋ ಆ ಕಾಗದವೇ ಮೊಮ್ಮಗಳಿಗೆ ಕಾಲೇಜಿನ ಸೀಟು ಕೊಡಿಸಬಹುದು. ಆಯಿ "ಹರೀಬ್ಯಾಡ್ರಿ" ಅಂದದ್ದು ಎಷ್ಟು ಸರಿ ಎಂದು ಇದನ್ನು ತಿಳಿದ ಮೇಲೆ ನನಗೆ ಮನವರಿಕೆಯಾಯಿತು. ಇದು ಒಂದು ಸಮಾಜದ ಮಾತಷ್ಟೇ ಅಲ್ಲ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿಯ ಮೂಲಕ ಹಳೆಯ ದಾಖಲೆಗಳಲ್ಲಿ ಕುಣಬಿ ಎಂಬ ನೋಂದಣಿ ಹುಡುಕಿಸಿದಾಗ ಮೋಡಿ ಓದಬಲ್ಲವರಿಗೆ ಎಲ್ಲೆಡೆ ಬೇಡಿಕೆ ಬಂದದ್ದು ನಿಮಗೆ ನೆನಪಿರಬಹುದು. ನೂರು ವರ್ಷದ ಹಿಂದಿನ ಒಂದು ಶಬ್ದ ಇಂದಿನ ಮನೆಯ ಹಣೆಬರಹ ಬದಲಿಸುತ್ತದೆ.

ಹೆಸರು ಇಲ್ಲದ ತ್ರಾಸ

ಹಾಗಾದರೆ ಯಾರ ಹೆಸರನ್ನೂ ಎಲ್ಲಿಯೂ ಬರೆಯದಿದ್ದರೆ ಆಯಿತಲ್ಲ ಅನ್ನಬಹುದು. ಅದೂ ಸರಿಯಲ್ಲ. ಇದನ್ನು ನಾನು ಇಚಲಕರಂಜಿಯಲ್ಲಿ ಕಲಿತೆ.

ಇಚಲಕರಂಜಿಗೆ ಮೊದಲ ಪವರಲೂಮ್ 1904ರಲ್ಲಿ ವಿಠ್ಠಲರಾವ ದಾತಾರರಿಂದ ಬಂದಿತು. ಮುಂದೆ ಅದು ಮಗ್ಗದ ಸದ್ದಿನ ಊರಾಯಿತು, ನಮ್ಮ ಕಡೆಯ ಮತ್ತು ಕರ್ನಾಟಕದ ಎಷ್ಟೋ ಕನ್ನಡ ಮನೆಗಳ ಹೊಟ್ಟೆ ತುಂಬಿಸಿತು. ನನ್ನ ಸೋದರಮಾವ ಅಲ್ಲಿ ಒಂದು ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಮಗ್ಗ ನಡೆಸಿದ. ಶೆಡ್ಡು ಮುಚ್ಚಿತು. ಹಕ್ಕಿನ ದುಡ್ಡು ಕೇಳಲು ಹೋದರೆ ಮಸ್ಟರಿನಲ್ಲಿ ಅವನ ಹೆಸರೇ ಇರಲಿಲ್ಲ. ಇಪ್ಪತ್ತು ವರ್ಷ ಬಂದು ಹೋದದ್ದಕ್ಕೆ ಕಾಗದದ ಸಾಕ್ಷಿ ಒಂದೂ ಇಲ್ಲ. ಅಲ್ಲಿಯೂ ಅದಕ್ಕೆ ಹಾಜರಿ ಅಂತಲೇ ಅನ್ನುತ್ತಾರೆ. ಆಯಿಯ ಮಾವನಿಗೆ ಹಾಜರಿಯಲ್ಲಿ ಹೆಸರು ಇದ್ದದ್ದು ತ್ರಾಸ, ನನ್ನ ಮಾವನಿಗೆ ಹಾಜರಿಯಲ್ಲಿ ಹೆಸರು ಇಲ್ಲದ್ದು ತ್ರಾಸ.

ಎರಡೂ ಕಡೆ ಲೇಖಣಿ ಇನ್ನೊಬ್ಬರ ಕೈಯಲ್ಲಿತ್ತು. ಯಾವಾಗ ಬರೆಯಬೇಕು, ಯಾವಾಗ ಬಿಡಬೇಕು ಎಂದು ಅವರೇ ತೀರ್ಮಾನಿಸಿದರು. ಆದ್ದರಿಂದ ಬರೆಯಬೇಕೋ ಬಾರದೋ ಎಂಬುದರ ಜೊತೆಗೆ, ಬರೆಸಿಕೊಂಡವರ ಮಾತು ಆ ವಹಿಯ ಮೇಲೆ ನಡೆಯುತ್ತದೋ ಇಲ್ಲವೋ ಎಂಬುದನ್ನೂ ಕೇಳಬೇಕು.

ಒಳ್ಳೆಯ ವಹಿಯ ಒಂದು ಉದಾಹರಣೆ ನಮ್ಮ ಸರ್ಕಾರದಲ್ಲೇ ಇದೆ. ಅದು ಜನಗಣತಿ. ನಮ್ಮಲ್ಲಿ ಎಷ್ಟೋ ಮಾಸ್ತರರು ಮನೆ ಮನೆ ತಿರುಗಿ ಗಣತಿ ಬರೆದಿದ್ದಾರೆ. 1948ರ ಜನಗಣತಿ ಕಾಯಿದೆಯ ಪ್ರಕಾರ ಒಬ್ಬ ಮನುಷ್ಯ ಹೇಳಿ ಬರೆಸಿದ್ದನ್ನು ಬೇರೆಯವರು ತೆಗೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿಯಾಗಿ ತರುವಂತಿಲ್ಲ. ಎಣಿಕೆ ಊರಿಗೆ, ಹೆಸರು ಮಾತ್ರ ಮುಚ್ಚಿದ ಪೆಟ್ಟಿಗೆಯಲ್ಲಿ. ನಮ್ಮ ಗಡಿಭಾಗದಲ್ಲಿ ತಾಯ್ನುಡಿಯ ಖಾನೆ ಎಷ್ಟು ನಾಜೂಕಿನದು ಎಂದು ಎಲ್ಲರಿಗೂ ಗೊತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಒಂದು ಕಡೆ ಬರೆಸಿದರೆ ಇನ್ನೊಂದು ಕಡೆಯವರಿಗೆ ಸಿಟ್ಟು. ಹೆಸರು ಹೊರಗೆ ಬೀಳುವುದಿಲ್ಲ ಎಂಬ ಭರವಸೆ ಇರುವುದರಿಂದಲೇ ಜನ ಖರೇ ಮಾತು ಹೇಳುತ್ತಾರೆ. 2027ರ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳುವವರಿದ್ದಾರೆ, ಅದೂ ಮೊಬೈಲಿನಲ್ಲಿ. ಬರೆಯಲು ಹೋಗುವ ಗುರುಗಳು ಈ ಭರವಸೆಯನ್ನು ಮರೆಯಬಾರದು.

ಬೇರೆ ದೇಶದವರು ಕಲಿಸಿದ್ದು

ಅಮೆರಿಕದ ಅರಿಜೋನಾದಲ್ಲಿ ದೊಡ್ಡ ಕಂದರದ ಒಳಗೆ ಹವಸುಪಾಯಿ ಎಂಬ ಚಿಕ್ಕ ಮೂಲನಿವಾಸಿ ಜನಾಂಗವಿದೆ. ಅವರಲ್ಲಿ ಸಕ್ಕರೆ ಕಾಯಿಲೆ ಬಹಳ. 1990ರ ಸುಮಾರಿಗೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅವರ ರಕ್ತ ತೆಗೆದುಕೊಂಡರು. ಕಾಯಿಲೆಗೆ ಉಪಾಯ ಸಿಗುತ್ತದೆ ಎಂದು ಜನ ಒಪ್ಪಿ ಕೈ ಚಾಚಿದ್ದರು. ಮುಂದೆ ಅದೇ ರಕ್ತವನ್ನು ಮಾನಸಿಕ ಕಾಯಿಲೆಯ ಅಭ್ಯಾಸಕ್ಕೆ, ಈ ಜನಾಂಗ ಮೂಲದಲ್ಲಿ ಎಲ್ಲಿಂದ ಬಂದಿತು ಎಂಬ ಅಭ್ಯಾಸಕ್ಕೆ ಬಳಸಿದರು. ನಾವು ಈ ಕಂದರದಲ್ಲೇ ಹುಟ್ಟಿದವರು ಎಂಬುದು ಅವರ ನಂಬಿಕೆ. ವಿಷಯ ತಿಳಿದಾಗ ಅವರು ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಯಿತು. ವಿಶ್ವವಿದ್ಯಾಲಯ ಏಳು ಲಕ್ಷ ಡಾಲರ್ ಕೊಟ್ಟಿತು. ಆ ಜನಕ್ಕೆ ದುಡ್ಡಿಗಿಂತ ದೊಡ್ಡದಾದದ್ದು ಇನ್ನೊಂದು: ತಮ್ಮ ರಕ್ತವನ್ನು ಮರಳಿ ಪಡೆದು ಮನೆಗೆ ಒಯ್ದರು.

ಕೆನಡಾದ ಮೂಲನಿವಾಸಿಗಳು 1998ರಲ್ಲೇ ನಾಲ್ಕು ಮಾತು ಇಟ್ಟಿದ್ದರು: ನಮ್ಮ ಬಗ್ಗೆ ಬರೆದದ್ದರ ಒಡೆತನ ನಮ್ಮದು, ಹತೋಟಿ ನಮ್ಮದು, ನೋಡುವ ಹಕ್ಕು ನಮ್ಮದು, ಇಟ್ಟುಕೊಳ್ಳುವ ಹಕ್ಕೂ ನಮ್ಮದು. ನ್ಯೂಜಿಲೆಂಡಿನ ಮಾವೊರಿಗಳೂ ಇದನ್ನೇ ಹೇಳಿದರು. 2019ರಲ್ಲಿ ಹಲವು ದೇಶಗಳ ಮೂಲನಿವಾಸಿಗಳು ಕೂಡಿ ಇನ್ನೂ ನಾಲ್ಕು ನಿಯಮ ಹಾಕಿಕೊಂಡರು. ಬರೆದದ್ದರಿಂದ ಇಡೀ ಸಮಾಜಕ್ಕೆ ಲಾಭವಾಗಬೇಕು, ಅಧಿಕಾರ ಸಮಾಜದ ಕೈಯಲ್ಲಿರಬೇಕು, ಬಳಸುವವನು ಹೊಣೆ ಹೊರಬೇಕು, ನೀತಿ ಬಿಡಬಾರದು. ನಮ್ಮ ಆಯಿ ಈ ಯಾವುದನ್ನೂ ಓದಿದವಳಲ್ಲ. "ನಮ್ಮನ್ನ ಕೇಳ್ದ ತೋರಿಸಬ್ಯಾಡ್ರಿ" ಅಂದಾಗ ಅವಳು ಹೇಳಿದ್ದೂ ಇದನ್ನೇ.

ನಮ್ಮ ದೇಶದ ಕಾನೂನು ಎಲ್ಲಿಗೆ ಬಂದಿದೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. ಅದೇ ಖಟ್ಲೆಯಲ್ಲಿ 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು: ಮನುಷ್ಯನ ಖಾಸಗಿ ಬದುಕು ಅವನ ಮೂಲಭೂತ ಹಕ್ಕು. ಒಬ್ಬ ಕನ್ನಡದ ಮುದುಕರು ಎತ್ತಿದ ಪ್ರಶ್ನೆ ನೂರು ಕೋಟಿಗೂ ಹೆಚ್ಚು ಜನಕ್ಕೆ ಹಕ್ಕು ತಂದಿತು ಎಂದು ಮಕ್ಕಳಿಗೆ ಹೇಳಬೇಕು.

2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಯ ಕಾಯಿದೆ ಆಯಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಿದ್ದವು, ಕಲಮುಗಳು ಹಂತ ಹಂತವಾಗಿ ಜಾರಿಗೆ ಬರುವಂತೆ ಇಟ್ಟಿದ್ದಾರೆ. ಯಾಕೆ ಬೇಕು ಎಂದು ಹೇಳಿ, ಒಪ್ಪಿಗೆ ಪಡೆದು, ಬೇಕಾದಷ್ಟೇ ಬರೆದುಕೊಳ್ಳಬೇಕು. ತಪ್ಪಿದ್ದರೆ ತಿದ್ದಿಸುವ, ಕೆಲಸ ಮುಗಿದ ಮೇಲೆ ಅಳಿಸಲು ಕೇಳುವ ಹಕ್ಕು ಬರೆಸಿಕೊಂಡವನದು. ಇದು ಅದರ ಸಾರ. ನಮ್ಮಂಥವರು ಒಂದು ಸಂಗತಿ ಗಮನಿಸಬೇಕು. ಕಾಗದದ ವಹಿ ಕಾಗದವಾಗಿ ಇರುವವರೆಗೆ ಈ ಕಾಯಿದೆಯ ಒಳಗೆ ಬರುವುದಿಲ್ಲ. ಫೋಟೋ ತೆಗೆದು ಮೊಬೈಲಿಗೆ ಏರಿಸಿದರೆ ಬರುತ್ತದೆ. ಇನ್ನೊಂದು, ಈ ಕಾಯಿದೆ ಮಾತಾಡುವುದು ಒಬ್ಬೊಬ್ಬ ಮನುಷ್ಯನ ಹಕ್ಕಿನ ಬಗ್ಗೆ. ಒಂದು ಓಣಿ, ಒಂದು ಸಮಾಜ ಕೂಡಿ ತನ್ನ ದಾಖಲೆಯ ಮೇಲೆ ಹಕ್ಕು ಕೇಳಿದರೆ ಅದಕ್ಕೆ ಇದರಲ್ಲಿ ಜಾಗವಿಲ್ಲ. ಆ ಕೊರತೆಯನ್ನು ನಮ್ಮ ನಮ್ಮ ಸಂಸ್ಥೆಗಳೇ ತುಂಬಿಕೊಳ್ಳಬೇಕು.

ಹಳೆಯ ರಜಿಸ್ಟರಿನ ನೆರಳು ಇನ್ನೂ ಹೋಗಿಲ್ಲ ಎಂಬುದಕ್ಕೂ ಕೋರ್ಟಿನದೇ ಸಾಕ್ಷಿ ಇದೆ. 2024ರ ಅಕ್ಟೋಬರ್ 3ಕ್ಕೆ ಸುಪ್ರೀಂ ಕೋರ್ಟು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ರದ್ದು ಮಾಡಿತು. ಜೈಲಿನ ರಜಿಸ್ಟರುಗಳಿಂದ ಜಾತಿಯ ಖಾನೆಯನ್ನೇ ತೆಗೆಯಿರಿ ಎಂದು ಹೇಳಿತು. ಕಾಯಿದೆ 1952ರಲ್ಲಿ ಹೋಗಿತ್ತು. ಖಾನೆ ತೆಗೆಯಿರಿ ಎನ್ನಲು ಮತ್ತೆ 72 ವರ್ಷ ಬೇಕಾಯಿತು.

ನಾವು ಮಾಡಿದ್ದು

ಆಯಿ ಬಂದು ಹೋದ ಮೇಲೆ ನಾವು ಫೋಟೋ ತೆಗೆಯುವುದನ್ನು ನಿಲ್ಲಿಸಿ ಕಮಿಟಿ ಕೂಡ್ರಿಸಿದೆವು. ಮೊದಲು ನಮ್ಮ ಕಪಾಟಿನಲ್ಲಿ ಯಾರ ಯಾರ ಸಂಗತಿ ಇದೆ ಎಂದು ಪಟ್ಟಿ ಮಾಡಿದೆವು. ಮಾಡಿದಾಗ ನಮಗೇ ಆಶ್ಚರ್ಯ. ಸದಸ್ಯರ ಫೋನ್ ನಂಬರು, ಯಾರು ಯಾವ ಪುಸ್ತಕ ಒಯ್ದರು ಎಂಬ ವಹಿ, ಓದಲು ಬರುವ ಹುಡುಗಿಯರ ಹೆಸರು ವಿಳಾಸ, ದೇಣಿಗೆ ಪಟ್ಟಿ, ಮೇಲೆ ಒಂದು ಗಂಟು ಆಧಾರ್ ಝೆರಾಕ್ಸು. ಪುಸ್ತಕ ಕೊಡಲು ಆಧಾರ್ ಯಾಕೆ ಬೇಕಿತ್ತು? ಯಾರಿಗೂ ಉತ್ತರ ಗೊತ್ತಿರಲಿಲ್ಲ. ಎಲ್ಲರೂ ಕೇಳುತ್ತಾರೆ, ನಾವೂ ಕೇಳಿದ್ದೆವು, ಅಷ್ಟೇ. ಅವನ್ನೆಲ್ಲ ಅವರವರಿಗೆ ತಿರುಗಿ ಕೊಟ್ಟೆವು. ಯಾರು ಯಾವ ಪುಸ್ತಕ ಓದುತ್ತಾರೆ ಎಂದು ಹೊರಗೆ ಹೇಳಬಾರದು ಎಂದು ಬರೆದುಕೊಂಡೆವು. ಹುಡುಗಿಯರ ನಂಬರುಗಳ ವಹಿ ಮೇಜಿನ ಮೇಲಿಂದ ಬೀಗದ ಒಳಗೆ ಹೋಯಿತು.

ಆ ಮೀಟಿಂಗಿನಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಂಡೆ. ನೌಕರಿಯಲ್ಲಿದ್ದಾಗ ವಿದ್ಯಾರ್ಥಿವೇತನದ ಹೆಸರು ಕರೆಯುವಾಗ ವರ್ಗದಲ್ಲಿ ಎಲ್ಲರ ಮುಂದೆ ಜಾತಿ ಸಮೇತ ಕೂಗುತ್ತಿದ್ದೆ. ಮಕ್ಕಳು ತಲೆ ತಗ್ಗಿಸಿ ಎದ್ದು ಬರುತ್ತಿದ್ದವು. ನಾಚಿಕೆ ಸ್ವಭಾವ ಇರಬೇಕು ಎಂದುಕೊಂಡಿದ್ದೆ. ನಾನು ಅಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದೆ ಎಂದು ಈಗ ತಿಳಿಯುತ್ತದೆ. ಇದನ್ನು ಓದುವ ಗುರುಗಳು ಜನರಲ್ ರಜಿಸ್ಟರನ್ನು ಮುಚ್ಚಿಟ್ಟುಕೊಂಡೇ ಕೆಲಸ ಮಾಡಲಿ. ಕೊಡುವುದನ್ನು ಮಗುವನ್ನು ಒಬ್ಬೊಬ್ಬರಾಗಿ ಕರೆದು ಕೊಡಬಹುದು.

ಹಾಜರಿ ವಹಿಯ ಮಾತನ್ನು ನಾವು ತೀರ್ಮಾನಿಸಲಿಲ್ಲ. ಹೆಸರು ಇದ್ದ ಮನೆಗಳವರನ್ನು ಕರೆದು ವಹಿಯನ್ನು ಅವರ ಮುಂದೆ ಇಟ್ಟೆವು. ಮೂರು ಸಲ ಕೂಡಿದರು. ಒಬ್ಬರು ಸುಡೋಣ ಅಂದರು, ಒಬ್ಬರು ಎಲ್ಲರಿಗೂ ತೋರಿಸೋಣ, ನಾಚಿಕೆ ನಮಗ್ಯಾಕ, ಬರಸಿದಾವ್ರಿಗೆ ಇರ್ಲಿ ಅಂದರು. ಕೊನೆಗೆ ಅವರೇ ಒಪ್ಪಿ ಹೇಳಿದ್ದು ಹೀಗೆ: ವಹಿ ವಾಚನಾಲಯದಲ್ಲೇ ಇರಲಿ. ಬೀಗಕ್ಕೆ ಎರಡು ಕೀಲಿ, ಒಂದು ಕಾರ್ಯದರ್ಶಿಯ ಹತ್ತಿರ, ಒಂದು ಅವರು ಆರಿಸಿದವರ ಹತ್ತಿರ. ಮನೆಯವರು ಕೇಳಿದರೆ ಅವರ ಪುಟದ ಪ್ರತಿ ಅವರಿಗೆ ಕೊಡಬೇಕು. ಶಾಲೆಗೆ, ಅಭ್ಯಾಸಿಗಳಿಗೆ ಬೇಕಾದರೆ ಹೆಸರು ಮುಚ್ಚಿದ ಪ್ರತಿ ಕೊಡಬೇಕು. ಮೊಬೈಲಿಗೆ ಈಗ ಬೇಡ, ಮುಂದೆ ನೋಡೋಣ.

ಬೆಳಗಾವಿ ಹತ್ತಿರದ ಯಮನಾಪುರದ ಭೀಮರಾವ ಗಸ್ತಿಯವರು 'ಬೇರಡ' ಎಂಬ ಆತ್ಮಕಥೆಯನ್ನು ಮರಾಠಿಯಲ್ಲಿ ಬರೆದರು. ಪೊಲೀಸರ ಕಾಗದದಲ್ಲಿ ಮಾತ್ರ ಇದ್ದ ಜನದ ಕಥೆ ಆ ಜನದ ಮಗನ ಕೈಯಿಂದಲೇ ಪುಸ್ತಕವಾಯಿತು. ಆ ಪುಸ್ತಕ ನಮ್ಮ ವಾಚನಾಲಯದಲ್ಲಿದೆ. ಈ ಲೇಖನ ಓದಿದವರು ಅದನ್ನೂ ಓದಬೇಕು.

ಮೂರನೆಯ ಸಲ ಕೂಡಿದ ದಿನ ಆಯಿಯ ಮೊಮ್ಮಗಳು ಅಜ್ಜಿಗೆ ತಮ್ಮ ಪುಟ ಓದಿ ತೋರಿಸಿದಳು. ಆಯಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಒಂದೇ ತಕರಾರು ಮಾಡಿದಳು. ಮಾವನ ಹೆಸರಿನ ಕೊನೆಗೆ 'ಯಾ' ಅಂತ ಬರೆದಿತ್ತು, ಚಾವಡಿಯಲ್ಲಿ ಕೂಗುತ್ತಿದ್ದ ಹಾಗೆ.

"ಮಾಸ್ತರ, ಮನ್ಯಾಗ ಅವರನ್ನ ಯಾರೂ ಹಂಗ ಕರೀತಿದ್ದಿಲ್ರಿ. 'ಅಪ್ಪ' ಅಂತ ಬರೀರಿ."

ಹಳೆಯ ಅಕ್ಷರವನ್ನು ನಾವು ಹೊಡೆಯಲಿಲ್ಲ. ಆಗ ಹಾಗೆ ಕೂಗಿದ್ದೂ ಖರೇನೇ. ಅದರ ಕೆಳಗೆ ಮೊಮ್ಮಗಳು ತನ್ನ ಕೈಯಿಂದ ಹೆಸರನ್ನು ಸರಿಯಾಗಿ ಬರೆದು, ತಾರೀಖು ಹಾಕಿ, ತನ್ನ ಸಹಿ ಮಾಡಿದಳು. ವಹಿಯನ್ನು ಕಪಾಟಿನಲ್ಲಿಟ್ಟು ಎರಡೂ ಕೀಲಿ ಹಾಕಿದೆವು.